ತೊಲೆ ಕೊಟ್ಟೆವು, ಸಂಚಕಾರ ಕೊಟ್ಟೆವು. ಬಡಿಗೇರರು ಫೋನ್ ಎತ್ತುತ್ತಿಲ್ಲ

ಓದುಗರ ಪ್ರಶ್ನೆಗಳಿಗೆ ಧಾರವಾಡದಲ್ಲಿ ಗ್ರಾಹಕ ವ್ಯಾಜ್ಯಗಳನ್ನು ನಡೆಸುವ ವಕೀಲರ ಉತ್ತರ

ಪ್ರಶ್ನೆ: ಹಾನಗಲ್ಲ ತಾಲೂಕಿನ ನಮ್ಮ ಊರಿನಲ್ಲಿ ಅಜ್ಜನ ಕಾಲದ ಮನೆಯನ್ನು ಕೆಡವಿ ಹೊಸ ಮನೆ ಕಟ್ಟಿದ್ದೇವೆ. ಹಳೆಯ ಮನೆಯ ಆರು ಸಾಗವಾನಿ ತೊಲೆಗಳನ್ನು ಕಳೆದ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಬಡಿಗೇರರೊಬ್ಬರಿಗೆ ಒಪ್ಪಿಸಿ, ಅದರಲ್ಲಿಯೇ ಕೆತ್ತನೆಯ ಚೌಕಟ್ಟು ಮತ್ತು ತಲೆಬಾಗಿಲು ಮಾಡಿಕೊಡಲು ಹೇಳಿದೆವು. ಕೂಲಿ 85,000 ರೂಪಾಯಿ ಎಂದು ಮಾತಾಯಿತು. ಸಂಚಕಾರವಾಗಿ 30,000 ರೂಪಾಯಿಯನ್ನು ಫೋನ್‌ಪೇ ಮೂಲಕ, 10,000 ರೂಪಾಯಿಯನ್ನು ಕೈಯಲ್ಲಿ ಕೊಟ್ಟೆವು. ಬಸವ ಜಯಂತಿಯ ದಿನ ವಾಸ್ತುಶಾಂತಿ ಇದೆ ಎಂದು ಮೊದಲೇ ತಿಳಿಸಿದ್ದೆವು. ಅಂದು ಬಾಗಿಲು ಬರಲಿಲ್ಲ. ಪ್ಲೈವುಡ್ ಹಲಗೆ ನಿಲ್ಲಿಸಿ ಪೂಜೆ ಮುಗಿಸಿದೆವು. ಆಮೇಲೆ ‘ಬರುವ ಸೋಮವಾರ’ ಎನ್ನುತ್ತಾ ಬಂದವರು ಈಗ ಎರಡು ತಿಂಗಳಿಂದ ಫೋನ್ ಎತ್ತುತ್ತಿಲ್ಲ, ವಾಟ್ಸಾಪ್ ಸಂದೇಶಕ್ಕೂ ಉತ್ತರವಿಲ್ಲ. ಒಮ್ಮೆ ಹೋದಾಗ ಅಂಗಡಿಗೆ ಬೀಗವಿತ್ತು. ಪೊಲೀಸರಿಗೆ ದೂರು ಕೊಡಬಹುದೇ? ನಮ್ಮ ಮರವನ್ನು ನಾವೇ ಎತ್ತಿಕೊಂಡು ಬಂದು ಬೇರೆಯವರಿಗೆ ಕೊಡಬಹುದೇ?
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಪತ್ರದಲ್ಲಿ ಹಣದ ಲೆಕ್ಕ ಸ್ಪಷ್ಟವಾಗಿದೆ, ಮರದ ಲೆಕ್ಕವಿಲ್ಲ, ನನ್ನ ಚಿಂತೆ ಇರುವುದು ಮರದ ಬಗ್ಗೆ. ನಲವತ್ತು ಸಾವಿರ ರೂಪಾಯಿಯನ್ನು ತಡವಾದರೂ ಬಡ್ಡಿ ಸಮೇತ ವಸೂಲು ಮಾಡಬಹುದು, ಆದರೆ ಅಜ್ಜನ ಮನೆಯ ತೊಲೆ ಯಾವುದೋ ಸಾಮಿಲ್ಲಿನಲ್ಲಿ ಸೀಳಿ ಬೇರೊಬ್ಬರ ಕಿಟಕಿಯಾಗಿಬಿಟ್ಟರೆ ಯಾವ ನ್ಯಾಯಾಲಯವೂ ಅದನ್ನು ಮರಳಿ ತರಲಾರದು. ಕಾನೂನು ಕೂಡ ಇವೆರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ಹಣ ನೀವು ಕೂಲಿಯ ಬಾಬತ್ತು ಕೊಟ್ಟದ್ದು, ಮರವಾದರೋ ಇಂದಿಗೂ ನಿಮ್ಮದೇ. ಒಂದು ಕೆಲಸಕ್ಕಾಗಿ ವಸ್ತುವನ್ನು ಒಪ್ಪಿಸಿ, ಕೆಲಸ ಮುಗಿದ ಮೇಲೆ ಮರಳಿ ಪಡೆಯುವ ಇಂಥ ವ್ಯವಹಾರದ ಬಗ್ಗೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ 148ನೇ ಕಲಮಿನಿಂದ ಮೊದಲಾಗುವ ಒಂದು ಅಧ್ಯಾಯವೇ ಇದೆ. ಅದರ 161ನೇ ಕಲಮು ನಿಮಗೆ ಬಹಳ ಉಪಯೋಗದ್ದು: ಒಪ್ಪಿಸಿಕೊಂಡವನು ತನ್ನ ತಪ್ಪಿನಿಂದ ವಸ್ತುವನ್ನು ಸಕಾಲದಲ್ಲಿ ಹಿಂದಿರುಗಿಸದಿದ್ದರೆ, ಆ ಹೊತ್ತಿನಿಂದ ಅದು ಹಾಳಾದರೂ ಕಳೆದರೂ ಹೊಣೆ ಅವನದೇ. ಮಳೆಗೆ ನೆನೆಯಿತು, ಗೆದ್ದಲು ಹಿಡಿಯಿತು ಎಂಬ ಸಬೂಬು ಅಲ್ಲಿಂದ ಮುಂದೆ ನಡೆಯುವುದಿಲ್ಲ.

ಹಾಗೆಂದು ಪೊಲೀಸ್ ಠಾಣೆಯಿಂದ ಆರಂಭಿಸಬೇಡಿ. ಮಾತು ತಪ್ಪುವುದು ಬೇರೆ, ವಂಚನೆ ಬೇರೆ. ಮಾತು ಕೊಡುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸದೆ ಕರಾರು ಮುರಿದ ಮಾತ್ರಕ್ಕೆ ವಂಚನೆಯ ಮೊಕದ್ದಮೆ ನಿಲ್ಲದು ಎಂದು ಸುಪ್ರೀಂ ಕೋರ್ಟ್ ಮತ್ತೆಮತ್ತೆ ಹೇಳಿದೆ. ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂದು ಹೇಳಿ ಕಳಿಸಿದರೆ ಅದು ಉಡಾಫೆಯ ಉತ್ತರವಲ್ಲ. ನಿಮ್ಮ ತೊಲೆಗಳನ್ನು ಅವರು ಮಾರಿಕೊಂಡಿದ್ದಾರೆ ಅಥವಾ ಬೇರೆ ಗಿರಾಕಿಯ ಕೆಲಸಕ್ಕೆ ಬಳಸಿದ್ದಾರೆ ಎಂಬುದಕ್ಕೆ ಆಧಾರ ಸಿಕ್ಕರೆ ಮಾತು ಬದಲಾಗುತ್ತದೆ. ಆಗ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ನಂಬಿಕೆ ದ್ರೋಹವಾಗುತ್ತದೆ, ದೂರನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಮರ ನಿಮ್ಮದೇ ಆದರೂ ಬೀಗ ಒಡೆದು ಎತ್ತಿ ತರುವ ಯೋಚನೆ ಬೇಡವೇ ಬೇಡ. ಇಂದು ದೂರುದಾರರಾಗಿರುವ ನೀವು ಮರುದಿನ ಆರೋಪಿಗಳಾಗುತ್ತೀರಿ.

ಬಡಿಗೇರರು ಸುಮ್ಮನಾಗುವುದಕ್ಕೆ ಮೋಸವೇ ಕಾರಣವಾಗಿರುವುದು ನಾನು ಕಂಡಂತೆ ಕಡಿಮೆ. ಮಾಘ ಮಾಸದಿಂದ ವೈಶಾಖದವರೆಗೆ ಮದುವೆ, ವಾಸ್ತುಶಾಂತಿಗಳು ಒಟ್ಟಿಗೇ ಬರುತ್ತವೆ, ಎಲ್ಲರಿಗೂ ಅದೇ ಮುಹೂರ್ತಕ್ಕೆ ಬಾಗಿಲು ಬೇಕು. ಬಂದ ಗಿರಾಕಿಯನ್ನು ಕಳೆದುಕೊಳ್ಳಬಾರದೆಂದು ಐದು ಕೆಲಸ ಹಿಡಿಯುವ ಕಡೆ ಹತ್ತು ಹಿಡಿಯುತ್ತಾರೆ, ನಿಮ್ಮ ಸಂಚಕಾರದಲ್ಲಿ ಹಿಂದಿನವರ ಸಾಮಿಲ್ ಬಾಕಿ ತೀರಿಸುತ್ತಾರೆ, ನಿಮ್ಮ ಕೆಲಸ ಎತ್ತಿಕೊಳ್ಳಲು ಮುಂದಿನವರ ಸಂಚಕಾರಕ್ಕೆ ಕಾಯುತ್ತಾರೆ. ಇದನ್ನು ಫೋನಿನಲ್ಲಿ ಹೇಳುವುದು ಹೇಗೆ? ನಾನೇ ಒಮ್ಮೆ ಕಡತಗಳ ಕಪಾಟು ಮಾಡಲು ಕೊಟ್ಟು ಹನ್ನೊಂದು ತಿಂಗಳು ಕಾದೆ. ನೋಟಿಸು ಬರೆಯುವುದೇ ನನ್ನ ಕಸುಬಾದರೂ ನಾನು ಕಳಿಸಿದ ನೋಟಿಸಿಗೆ ಉತ್ತರ ಬರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಹೋಗಿ ಕುಳಿತಾಗ ಆ ಹಿರಿಯರು ಚಹಾ ತರಿಸಿ, “ಸಾಹೇಬ್ರ, ನಿಮ್ಮ ಫೋನ್ ಬಂದ್ರ ಎದಿ ಹೊಡಕೋತಿತ್ರಿ, ಏನ್ ಹೇಳಬೇಕಂತ ತಿಳೀಲಿಲ್ಲ” ಎಂದರು. ಕಪಾಟಿನ ಬಾಗಿಲುಗಳು ಸಿದ್ಧವಾಗಿ ಮೂಲೆಯಲ್ಲಿದ್ದವು, ಒಳಗಿನ ಹಲಗೆಗಳಿಗೆ ದುಡ್ಡಿರಲಿಲ್ಲ.

ಆದ್ದರಿಂದ ಮೊದಲು ಹೋಗಿ ನೋಡಿರಿ. ಅಮಾವಾಸ್ಯೆಯಂದು ಉಳಿ, ಬಾಚಿ ಮುಟ್ಟದ ಮನೆತನಗಳು ನಮ್ಮ ಕಡೆ ಇನ್ನೂ ಇವೆ. ನೀವು ಬೀಗ ಕಂಡ ದಿನ ಯಾವುದಿತ್ತೆಂದು ಒಮ್ಮೆ ಪಂಚಾಂಗ ನೋಡಿಕೊಳ್ಳಿ. ಅಂಗಡಿ ತೆರೆಯುವ ಹೊತ್ತಿಗೆ, ಜೊತೆಗೆ ಒಬ್ಬರನ್ನು ಕರೆದುಕೊಂಡು, ಕೈಯಲ್ಲಿ ಟೇಪು ಹಿಡಿದು ಹೋಗಿ. ಬೀಗವಿದ್ದರೆ ಪಕ್ಕದ ಅಂಗಡಿಯವರನ್ನು ವಿಚಾರಿಸಿ. ಚೌಕಟ್ಟು ಮಾಡುವವರು ಒಬ್ಬರು, ಕೆತ್ತನೆ ಮಾಡುವವರು ಇನ್ನೊಬ್ಬರು, ಪಾಲಿಶ್ ಹಚ್ಚುವವರು ಮತ್ತೊಬ್ಬರು ಇರುವುದು ಸಾಮಾನ್ಯ. ನಿಮ್ಮ ಮರ ಈಗ ಯಾರ ಬಳಿ ಇದೆ ಎಂಬುದೇ ಮೊದಲು ತಿಳಿಯಬೇಕಾದ ಸಂಗತಿ.

ಮರದ ಲೆಕ್ಕ ಹೀಗೆ ಹಾಕಿ. ಒಂದು ತೊಲೆ ಹತ್ತು ಅಡಿ ಉದ್ದ, ಎಂಟು ಇಂಚು ಅಗಲ, ಆರು ಇಂಚು ದಪ್ಪ ಇದ್ದಿತೆಂದರೆ ಅದರಲ್ಲಿ ಸುಮಾರು ಮೂರೂಕಾಲು ಘನ ಅಡಿ ಮರವಿರುತ್ತದೆ, ಆರು ತೊಲೆಗೆ ಇಪ್ಪತ್ತು ಘನ ಅಡಿ ಆಗುತ್ತದೆ. ಏಳೂವರೆ ಅಡಿ ಎತ್ತರ, ನಾಲ್ಕೂವರೆ ಅಡಿ ಅಗಲದ ಚೌಕಟ್ಟನ್ನು ಹೊಸ್ತಿಲು ಸೇರಿ ಆರು ನಾಲ್ಕು ಇಂಚಿನ ಮರದಲ್ಲಿ ಮಾಡಿದರೆ ನಾಲ್ಕು ಘನ ಅಡಿ ಬೇಕು. ಎರಡು ಇಂಚು ದಪ್ಪದ ಬಾಗಿಲಿಗೆ ಇನ್ನೂ ನಾಲ್ಕು. ಸೀಳುವಾಗ, ಕೀಸುವಾಗ, ಹಳೆಯ ಮೊಳೆ ತೂತಿನ ಭಾಗ ತೆಗೆಯುವಾಗ ಆಗುವ ನಷ್ಟವನ್ನು ಧಾರಾಳವಾಗಿಯೇ ಹಿಡಿದರೂ ಐದಾರು ಘನ ಅಡಿ ಮರ ಉಳಿಯಲೇಬೇಕು. ನೀವು ಕೊಟ್ಟ ತೊಲೆಗಳ ಅಳತೆ ಇದಕ್ಕಿಂತ ಬೇರೆಯಾಗಿದ್ದರೆ ಅದಕ್ಕೆ ತಕ್ಕಂತೆ ಗುಣಿಸಿಕೊಳ್ಳಿ. ಕೆಡವುವ ಮುನ್ನ ತೆಗೆದ ಮನೆಯ ಫೋಟೋ ಇದ್ದರೆ ತೊಲೆಯ ತುದಿಯ ಕೆತ್ತನೆ, ಮೊಳೆಯ ಗುರುತು, ತೊಟ್ಟಿಲು ಕಟ್ಟುತ್ತಿದ್ದ ಕೊಂಡಿಯ ತೂತು ಯಾವುದೂ ಬಿಡದೆ ಬರೆದಿಡಿ. ಮುಂದೆ ‘ಇದೇ ನಮ್ಮ ಮರ’ ಎಂದು ತೋರಿಸಲು ಇವೇ ಸಾಕ್ಷಿ.

ಬಡಿಗೇರರು ಸಿಕ್ಕರೆ ‘ಯಾವಾಗ ಕೊಡುತ್ತೀರಿ’ ಎಂದು ಕೇಳಬೇಡಿ, ಆ ಪ್ರಶ್ನೆಗೆ ಸೋಮವಾರವೇ ಉತ್ತರ. ‘ಏನೇನು ಮುಗಿದಿದೆ, ತೋರಿಸಿ’ ಎನ್ನಿ. ಮುಗಿದದ್ದನ್ನು ಅವರ ಎದುರಿಗೇ ಫೋಟೋ ತೆಗೆದು, ಒಂದು ಹಾಳೆಯ ಮೇಲೆ ಪಡೆದ ಮರ, ಪಡೆದ ಹಣ (ಕೈಯಲ್ಲಿ ಕೊಟ್ಟ ಹತ್ತು ಸಾವಿರವನ್ನು ಇಲ್ಲಿ ಮರೆಯದೆ ಸೇರಿಸಿ), ಚೌಕಟ್ಟಿಗೆ ಒಂದು ತಾರೀಖು, ಕೆತ್ತನೆಗೆ ಒಂದು, ಜೋಡಣೆಗೆ ಒಂದು ತಾರೀಖು ಬರೆದು ಇಬ್ಬರೂ ಸಹಿ ಮಾಡಿ. ಬಾಕಿ ನಲವತ್ತೈದು ಸಾವಿರವನ್ನು ಆಯಾ ಹಂತ ಮುಗಿದು ಕಣ್ಣಿಗೆ ಕಂಡ ಮೇಲೆಯೇ ಕೊಡತಕ್ಕದ್ದು. ‘ಹಿತ್ತಾಳೆ ಸಾಮಾನು ತರಬೇಕ್ರಿ’ ಎಂದರೆ ನೀವೇ ಜೊತೆಗೆ ಹೋಗಿ ಕೊಡಿಸಿ, ಹಣ ಕೈಗೆ ಕೊಡಬೇಡಿ.

ಆ ಹಾಳೆಯಲ್ಲಿ ಇನ್ನೊಂದು ವಾಕ್ಯವಿರಲಿ: ‘ಹೊಸ ತಾರೀಖನ್ನು ಒಪ್ಪಿದ್ದೇವೆ, ಆದರೆ ಮೊದಲಿನ ವಿಳಂಬದಿಂದಾದ ನಷ್ಟವನ್ನು ಕೇಳುವ ಹಕ್ಕನ್ನು ಬಿಟ್ಟಿಲ್ಲ.’ ಇದು ಕರಾರು ಕಾಯ್ದೆಯ 55ನೇ ಕಲಮಿಗೆ ಸಂಬಂಧಿಸಿದ್ದು. ಸಮಯವೇ ಮುಖ್ಯವಾಗಿದ್ದ ಕರಾರಿನಲ್ಲಿ ತಡವಾಗಿ ಬಂದ ಕೆಲಸವನ್ನು ಮಾತಾಡದೆ ಒಪ್ಪಿಕೊಂಡರೆ ವಿಳಂಬದ ಪರಿಹಾರ ಕೇಳಲು ಬರುವುದಿಲ್ಲ. ಒಪ್ಪಿಕೊಳ್ಳುವಾಗಲೇ ತಿಳಿಸಿದ್ದರೆ ಬರುತ್ತದೆ. ವಾಸ್ತುಶಾಂತಿಯ ದಿನವನ್ನು ಮೊದಲೇ ಹೇಳಿದ್ದರಿಂದ ಇದು ಸಮಯ ಮುಖ್ಯವಾಗಿದ್ದ ಕರಾರೇ ಎಂದು ವಾದಿಸಲು ನಿಮಗೆ ಅವಕಾಶವಿದೆ, ಅದನ್ನು ತಿಳಿಸಿದ ವಾಟ್ಸಾಪ್ ಸಂದೇಶವಿದ್ದರೆ ಅಳಿಸಬೇಡಿ.

ಬಡಿಗೇರರು ಸಿಗದಿದ್ದರೆ, ಅಥವಾ ಸಹಿ ಮಾಡಿಯೂ ಮೊದಲ ಹಂತವನ್ನೇ ತಪ್ಪಿಸಿದರೆ, ಹದಿನೈದು ದಿನಗಳ ಗಡುವಿನ ನೋಟಿಸನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ ಮನೆ ಮತ್ತು ಅಂಗಡಿ ಎರಡೂ ವಿಳಾಸಗಳಿಗೆ ಕಳಿಸಿ. ವಕೀಲರೇ ಬರೆಯಬೇಕೆಂದಿಲ್ಲ. ಮೊದಲ ಬೇಡಿಕೆ ಮರ ಇದ್ದ ಸ್ಥಿತಿಯಲ್ಲಿ ವಾಪಸು, ಎರಡನೆಯದು ಆದ ಕೆಲಸದ ಕೂಲಿ ಕಳೆದು ಉಳಿದ ಹಣ ವಾಪಸು ಎಂದಿರಲಿ. ಲಕೋಟೆ ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾದೊಂದಿಗೆ ಮರಳಿ ಬಂದರೆ ಅದನ್ನು ಒಡೆಯದೆ ಹಾಗೆಯೇ ಇಡಿ. ಇಲ್ಲಿ ಅವರ ಪರವಾಗಿಯೂ ಒಂದು ಕಲಮು ಇದೆಯೆಂಬುದನ್ನು ತಿಳಿದಿರಬೇಕು. ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಹಾಕಿ ಕೆಲಸ ಮಾಡಿದವರು ತಮ್ಮ ಕೂಲಿ ಸಲ್ಲುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಕಾಯ್ದೆ ಕೊಡುವ ಉದಾಹರಣೆ ವಜ್ರಕ್ಕೆ ಸಾಣೆ ಹಿಡಿದ ಅಕ್ಕಸಾಲಿಗನದು. ಆದರೆ ಆ ಹಕ್ಕು ಒಪ್ಪಿದಂತೆ ಮಾಡಿದ ಕೆಲಸಕ್ಕೆ, ಬರಬೇಕಾದ ಬಾಕಿಗೆ ಮಾತ್ರ. ಮುಗಿದ ಕೆಲಸದ ಬೆಲೆ ನಲವತ್ತು ಸಾವಿರವನ್ನು ಮೀರಿಲ್ಲವೆಂದಾದರೆ ಮರ ತಡೆಹಿಡಿಯಲು ಅವರಿಗೆ ಆಧಾರವಿಲ್ಲ.

ನೋಟಿಸಿಗೂ ಉತ್ತರ ಬರದಿದ್ದರೆ ಹುಬ್ಬಳ್ಳಿಯ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟು, ದಾವೆಗೆ ಮುಂಚಿನ ಪ್ರಕರಣವಾಗಿ ಲೋಕ ಅದಾಲತ್ತಿನಲ್ಲಿ ಕರೆಸಿರಿ ಎಂಬುದು ನನ್ನ ಸಲಹೆ. ಶುಲ್ಕವಿಲ್ಲ. ನಾಚಿಕೆಯಿಂದ ಮುಖ ತಪ್ಪಿಸಿಕೊಂಡವರು ನ್ಯಾಯಾಲಯದ ಆವರಣದಿಂದ ಕರೆ ಬಂದರೆ ಬರುತ್ತಾರೆ, ಬಂದವರು ಒಂದು ಮಾತಿಗೆ ಒಪ್ಪುತ್ತಾರೆ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ರಾಜಿಯಾಗದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಪ್ರತಿಫಲ ಐದು ಲಕ್ಷ ರೂಪಾಯಿಯೊಳಗೆ ಇರುವುದರಿಂದ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ತೀರ್ಪು ಬರುವವರೆಗೆ ಮರವನ್ನು ಮಾರಬಾರದು, ಬೇರೆಯವರಿಗೆ ಸಾಗಿಸಬಾರದು ಎಂಬ ಮಧ್ಯಂತರ ಆದೇಶವನ್ನು ದೂರಿನ ಜೊತೆಗೇ ಕೇಳಿ; ಬಹಳ ಮಂದಿ ಇದನ್ನು ಮರೆಯುತ್ತಾರೆ. ದೂರಿಗೆ ಎರಡು ವರ್ಷಗಳ ಗಡುವಿದೆ. ಅದನ್ನು ಕಳೆದ ಬಸವ ಜಯಂತಿಯಿಂದಲೇ ಎಣಿಸಿಕೊಳ್ಳುವುದು ಕ್ಷೇಮ, ಏಕೆಂದರೆ ನಡುವೆ ನಡೆಯುವ ಮಾತುಕತೆ, ಸೋಮವಾರದ ಭರವಸೆಗಳಿಂದ ಆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ.

ಬೇರೆ ಬಡಿಗೇರರಿಗೆ ಕೆಲಸ ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ನೋಟಿಸಿನ ಗಡುವು ಮುಗಿಯಲಿ. ಹೊಸಬರಿಂದ ದರಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಅದೇ ಕೆಲಸಕ್ಕೆ ಹೆಚ್ಚಿಗೆ ತೆತ್ತ ಮೊತ್ತವನ್ನು ಮೊದಲಿನವರಿಂದ ನಷ್ಟವಾಗಿ ಕೇಳಬಹುದು. ಅರ್ಧ ಕೆತ್ತಿದ ಮರವನ್ನು ಕೈಗೆತ್ತಿಕೊಳ್ಳಲು ಎಲ್ಲರೂ ಒಪ್ಪುವುದಿಲ್ಲ. ಒಬ್ಬರ ಉಳಿಯ ಗುರುತಿನ ಮೇಲೆ ಇನ್ನೊಬ್ಬರು ಉಳಿ ಇಡಲು ಹಿಂಜರಿಯುತ್ತಾರೆ. ಕೆತ್ತನೆ ನಿಜವಾಗಿಯೂ ಅರ್ಧ ದಾಟಿದ್ದು ಚೆನ್ನಾಗಿದ್ದರೆ, ಸಿಟ್ಟನ್ನು ನುಂಗಿ ಇವರಿಂದಲೇ ಮುಗಿಸಿಕೊಳ್ಳುವುದು ನಿಮ್ಮ ಬಾಗಿಲಿಗೆ ಒಳ್ಳೆಯದು.

ಪ್ರಶ್ನೆ: ನಾನು ಧಾರವಾಡದಲ್ಲಿ ಸಂಗೀತ ಕಲಿಯುತ್ತಿದ್ದೇನೆ. ಗುರುಗಳು ಕೊಟ್ಟ ಹಳೆಯ ತಂಬೂರಿಯ ಬುರುಡೆ ಬಿರುಕು ಬಿಟ್ಟದ್ದರಿಂದ ಮಹಾರಾಷ್ಟ್ರದ ವಾದ್ಯ ತಯಾರಕರೊಬ್ಬರಿಗೆ ಪಾರ್ಸೆಲ್ ಮಾಡಿದೆ, 12,000 ರೂಪಾಯಿ ಮುಂಗಡ ಕೊಟ್ಟೆ. ಎಂಟು ತಿಂಗಳಾಯಿತು, ಈಗ ನನ್ನ ನಂಬರನ್ನೇ ಬ್ಲಾಕ್ ಮಾಡಿದಂತಿದೆ. ಅಲ್ಲಿಗೇ ಹೋಗಿ ದೂರು ಕೊಡಬೇಕೇ?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಬೇಕಿಲ್ಲ. ನೀವು ಇರುವುದು ಧಾರವಾಡದಲ್ಲಿ, ಹೀಗಾಗಿ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು; ಗ್ರಾಹಕ ಆಯೋಗಗಳಿಗೆ ಆನ್‌ಲೈನ್ ದೂರು ಕೊಡುವ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ನೋಂದಾಯಿಸಿ, ಖರ್ಚಿಲ್ಲ. ತಂಬೂರಿ ಅವರ ಕೈ ಸೇರಿದ್ದಕ್ಕೆ ಪಾರ್ಸೆಲಿನವರ ರಸೀದಿ ಮತ್ತು ತಲುಪಿಸಿದ ದಾಖಲೆಯೇ ಮುಖ್ಯ ಆಧಾರ. ಕೊರಿಯರ್ ಕಂಪನಿಯವರು ಹಳೆಯ ದಾಖಲೆಯನ್ನು ಬಹಳ ಕಾಲ ಇಡುವುದಿಲ್ಲವಾದ್ದರಿಂದ ಆ ಪ್ರತಿಯನ್ನು ಈ ವಾರವೇ ತೆಗೆಸಿಕೊಳ್ಳಿ.

ನಿಮ್ಮ ನಂಬರನ್ನು ತಡೆದಿದ್ದರೂ ಗುರುಗಳ ನಂಬರನ್ನು ಅವರು ತಡೆದಿರಲಾರರು. ವಾದ್ಯ ಮಾಡುವವರಿಗೆ ಹಾಡುವವರ ಮಾತು ಬೇಕಾಗುತ್ತದೆ. ಗುರುಗಳಿಂದ ಒಂದು ಕರೆ ಮಾಡಿಸಿ, ತಂಬೂರಿಯ ಇಂದಿನ ಫೋಟೋ ಒಂದನ್ನು ಕಳಿಸಲು ಕೇಳಿ. ಫೋಟೋ ಬಂದರೆ ವಾದ್ಯ ಇದೆ ಎಂದಾಯಿತು, ಉಳಿದದ್ದು ದಿನಾಂಕದ ಮಾತು. ಒಂದು ವಾರದಲ್ಲಿ ಬರದಿದ್ದರೆ ನೋಟಿಸು ಕಳಿಸಿ. ಅದರಲ್ಲಿ ಹನ್ನೆರಡು ಸಾವಿರಕ್ಕಿಂತ ಮೊದಲು ತಂಬೂರಿಯನ್ನು ಕೇಳಿ.