ರೋಲೆಕ್ಸ್ ಕೊಂಡಿಟ್ಟರೆ ಎಫ್‌ಡಿಗಿಂತ ಹೆಚ್ಚು ಲಾಭ ಬರುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಎಫ್‌ಡಿ ಅವಧಿ ಮುಗಿದು 12 ಲಕ್ಷ ಕೈಗೆ ಬಂದಿದೆ, ಗೆಳೆಯರೊಬ್ಬರು "ರೋಲೆಕ್ಸ್ ತಗೊಂಡು ಲಾಕರಲ್ಲಿ ಇಟ್ಟುಬಿಡಿ, ಐದು ವರ್ಷಕ್ಕೆ ಡಬಲ್" ಅಂದಿದ್ದಾರೆ, ನಂಬಬಹುದೇ?

ನಂಬಬೇಡಿ. ಗೆಳೆಯರು ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಹಾಗೆ ಡಬಲ್ ಆದ ವಾಚುಗಳು ನಿಜಕ್ಕೂ ಇವೆ. ಆದರೆ ಅವು ಯಾರ ಕೈಯಲ್ಲಿದ್ದಾಗ ಡಬಲ್ ಆದವು ಅನ್ನುವುದನ್ನು ಅವರು ಹೇಳಿಲ್ಲ.

ನಾನು ವಾಚಿನ ವ್ಯಾಪಾರಿಯಲ್ಲ. ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ, ಹುಚ್ಚು ವಾಚಿನದು. ಎಚ್‌ಎಂಟಿ ಜನತಾದಿಂದ ಶುರುವಾದ ಹುಚ್ಚು ಜಿನೀವಾದ ಹರಾಜುಗಳನ್ನು ರಾತ್ರಿ ಕೂತು ನೋಡುವವರೆಗೂ ಹೋಗಿದೆ. ಹಾಗಾಗಿ ಎರಡೂ ಕಡೆಯ ಮಾತು ಹೇಳಬಲ್ಲೆ.

ಮೊದಲು ಮುಖ್ಯ ಸಂಗತಿ. ಸ್ಟೀಲಿನ ರೋಲೆಕ್ಸ್ ಡೇಟೋನಾದಂಥ ವಾಚು ಷೋರೂಮಿಗೆ ಹೋಗಿ ದುಡ್ಡು ಕೊಟ್ಟರೆ ಸಿಗುವುದಿಲ್ಲ. ಹೆಸರು ಬರೆಸಬೇಕು, ಕಾಯಬೇಕು, ಎಷ್ಟು ಕಾಲ ಅಂತ ಯಾರೂ ಹೇಳುವುದಿಲ್ಲ. ಅಂಗಡಿಯವರಿಗೆ ನೀವು ಹಳೆಯ ಗಿರಾಕಿಯಾಗಿದ್ದರೆ, ಅಂದರೆ ಬೇಗ ಬಿಕರಿಯಾಗದ ಬೇರೆ ವಾಚುಗಳನ್ನೋ ಒಡವೆಗಳನ್ನೋ ಅವರಲ್ಲಿ ಕೊಂಡಿದ್ದರೆ, ಸರದಿ ಬೇಗ ಬರುತ್ತದೆ. ಹೊರಗಿನ ಮಾರುಕಟ್ಟೆಯಲ್ಲಿ ಅದೇ ವಾಚು ತಕ್ಷಣ ಸಿಗುತ್ತದೆ, ಬೆಲೆ ಮಾತ್ರ ಎಷ್ಟೋ ಮೇಲೆ. ಬಿಡಿಎ ಸೈಟಿನ ಕಥೆಯೇ ಇದು. ಹಂಚಿಕೆಯಲ್ಲಿ ಸೈಟು ಸಿಕ್ಕವನು ಮರುದಿನವೇ ಲಾಭದಲ್ಲಿರುತ್ತಾನೆ, ಅವನಿಂದ ಮಾರ್ಕೆಟ್ ದರಕ್ಕೆ ಕೊಂಡವನು ಆ ಲಾಭವನ್ನು ಅವನಿಗೇ ಕೊಟ್ಟು ಬಂದಿರುತ್ತಾನೆ. ವಾಚಿನಲ್ಲಿಯೂ ಪಟ್ಟಿ ಬೆಲೆಗೆ, ಅಂದರೆ ಕಂಪನಿ ಗೊತ್ತುಮಾಡಿದ ಷೋರೂಮ್ ದರಕ್ಕೆ, ಕೊಳ್ಳುವ ಅವಕಾಶಕ್ಕೇ ಬೆಲೆ. ಆ ಅವಕಾಶ ಮೊದಲ ಸಲ ಅಂಗಡಿಯ ಮೆಟ್ಟಿಲು ಹತ್ತುವ ನಿಮಗಾಗಲಿ ನನಗಾಗಲಿ ಸಿಗುವುದು ಕಷ್ಟ.

ಕೋವಿಡ್ ಕಾಲದಲ್ಲಿ ಇದು ಢಾಳಾಗಿ ಕಂಡಿತು. ಬಡ್ಡಿ ಕಡಿಮೆ, ಜನ ಮನೆಯಲ್ಲಿ, ಕ್ರಿಪ್ಟೋದಲ್ಲಿ ದಿಢೀರ್ ದುಡ್ಡು ಮಾಡಿದವರ ಕಣ್ಣು ವಾಚಿನ ಮೇಲೆ. ಪಾಟೆಕ್ ಫಿಲಿಪ್ ಕಂಪನಿ 2021ರಲ್ಲಿ ನಾಟಿಲಸ್ 5711 ಮಾಡೆಲನ್ನು ನಿಲ್ಲಿಸುತ್ತೇವೆ ಅಂದದ್ದೇ ತಡ, ಸುಮಾರು 35,000 ಡಾಲರ್ ಪಟ್ಟಿ ಬೆಲೆಯ ಆ ಸ್ಟೀಲ್ ವಾಚು ಸುಮಾರು ಒಂದು ವರ್ಷದಲ್ಲಿ ಅದರ ನಾಲ್ಕು ಪಟ್ಟು ದಾಟಿತು. ಡೇಟೋನಾ 40,000 ಡಾಲರ್ ಮುಟ್ಟಿತು, ಅದರ ಪಟ್ಟಿ ಬೆಲೆ 15,000ದ ಒಳಗೆ. ಯೂಟ್ಯೂಬ್ ತುಂಬ "ವಾಚೇ ಹೊಸ ಚಿನ್ನ" ಅನ್ನುವ ಭಾಷಣ. 2022ರ ಮಾರ್ಚ್ ಸುಮಾರಿಗೆ ಗಾಳಿ ಇಳಿಯಿತು. ಅಮೆರಿಕದಲ್ಲಿ ಬಡ್ಡಿ ಏರಿತು, ಕ್ರಿಪ್ಟೋ ಬಿತ್ತು, ಇಟ್ಟುಕೊಂಡವರೆಲ್ಲ ಒಟ್ಟಿಗೆ ಮಾರಲು ಬಂದರು. ನಾಟಿಲಸ್ ಶಿಖರದ ಬೆಲೆಯ ಅರ್ಧದ ಹತ್ತಿರಕ್ಕೆ ಬಂತು, ಡೇಟೋನಾ 30,000 ಡಾಲರ್‌ಗಿಂತ ಕೆಳಗಿಳಿಯಿತು. ಇಷ್ಟು ಬಿದ್ದ ಮೇಲೂ ಷೋರೂಮಿನಲ್ಲಿ ಪಟ್ಟಿ ಬೆಲೆಗೆ ಪಡೆದವನು ಲಾಭದಲ್ಲೇ ಇದ್ದ. ಹೂಡಿಕೆ ಅಂತ ನಂಬಿ ಹೊರಗೆ ಕೊಂಡವನು ಮುಳುಗಿದ. ನಿಮ್ಮ ಗೆಳೆಯರು ಹೇಳಿದ್ದು ಮೊದಲನೆಯವನ ಕಥೆ.

ಹರಾಜಿನ ಸುದ್ದಿಗಳನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಡೇಟೋನಾ 2017ರಲ್ಲಿ ನ್ಯೂಯಾರ್ಕಿನಲ್ಲಿ 1 ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಅಲ್ಲಿ ಬಿಕರಿಯಾದದ್ದು ನ್ಯೂಮನ್‌ನ ಮಣಿಕಟ್ಟು. ತಮಾಷೆಯೆಂದರೆ, ಆ ಬಗೆಯ ಡಯಲಿನ ಡೇಟೋನಾ 60ರ ದಶಕದಲ್ಲಿ ಅಂಗಡಿಗಳಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು. ಮುಂದೆ ಯಾವುದು ಏರುತ್ತದೆ ಅಂತ ಊಹಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ರೋಲೆಕ್ಸ್, ಪಾಟೆಕ್, ಓಡೆಮಾರ್ ಪಿಗೆ, ಇವುಗಳ ಕೆಲವು ಮಾಡೆಲ್ ಬಿಟ್ಟರೆ ಉಳಿದ ದುಬಾರಿ ವಾಚುಗಳ ಪಾಡು ಹೊಸ ಕಾರಿನಂತೆಯೇ, ಅಂಗಡಿಯಿಂದ ಹೊರಗೆ ಬಂದ ಕೂಡಲೇ ಬೆಲೆ ಇಳಿಯುತ್ತದೆ. ವಜ್ರ ಕೂರಿಸಿದ್ದರೆ ಇನ್ನೂ ಹೆಚ್ಚು ಇಳಿಯುವುದೇ ಸಾಮಾನ್ಯ. 2016ರಲ್ಲಿ ಸಿದ್ದರಾಮಯ್ಯನವರ ಹ್ಯೂಬ್ಲೋ ವಾಚಿನ ಗಲಾಟೆ ನೆನಪಿರಬಹುದು. 70 ಲಕ್ಷದ್ದು ಎಂಬ ಆರೋಪ, ಸ್ನೇಹಿತರು ಕೊಟ್ಟದ್ದು ಎಂಬ ಉತ್ತರ, ಕೊನೆಗೆ ಅದು ಸರ್ಕಾರದ ಆಸ್ತಿಯಾಯಿತು. ರಾಜಕೀಯ ಬಿಡಿ. ಆ ದಿನಗಳಲ್ಲಿ ಟೀವಿಯವರು ಕೂಗುತ್ತಿದ್ದದ್ದು ಒಂದು ದರ, ಮಾರಲು ಹೋದರೆ ಸಿಗುವುದು ಇನ್ನೊಂದು ದರ ಅಂತ ವಾಚು ಬಲ್ಲವರು ಆಗಲೇ ಮಾತಾಡಿಕೊಂಡಿದ್ದೆವು.

ಈಗ ನಿಮ್ಮ 12 ಲಕ್ಷಕ್ಕೆ ಬರೋಣ. ಅದರಲ್ಲಿ ಶೇ 18ರ ಜಿಎಸ್‌ಟಿಯೇ ಸುಮಾರು 1.83 ಲಕ್ಷ. ಅದು ಹೋದದ್ದೇ, ಸೆಕೆಂಡ್ ಹ್ಯಾಂಡ್ ಗಿರಾಕಿ ನಿಮ್ಮ ತೆರಿಗೆಯನ್ನು ತುಂಬಿಕೊಡುವುದಿಲ್ಲ. 10 ಲಕ್ಷ ಮೀರಿದ ಕೈಗಡಿಯಾರಕ್ಕೆ 2025ರ ಏಪ್ರಿಲ್ 22ರಿಂದ ಶೇ 1 ಟಿಸಿಎಸ್ (ಮಾರುವವನೇ ನಿಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಇದೆ. ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಚಿಂತೆಯಿಲ್ಲ, ಆದರೆ ಖರೀದಿ ನಿಮ್ಮ ಪ್ಯಾನ್‌ಗೆ ಅಂಟಿಕೊಳ್ಳುತ್ತದೆ. ಮೇಲಾಗಿ ಸ್ವಿಸ್ ವಾಚಿನ ಬೆಲೆಯೊಳಗೆ ಸುಮಾರು ಶೇ 20 ಆಮದು ಸುಂಕ ಸೇರಿಕೊಂಡಿತ್ತು. ಸ್ವಿಟ್ಜರ್ಲೆಂಡ್ ಇರುವ ಇಎಫ್‌ಟಿಎ ಎಂಬ ಯುರೋಪಿನ ದೇಶಗಳ ಗುಂಪಿನ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದು, ಆ ಸುಂಕ ಹಂತ ಹಂತವಾಗಿ ಕಡಿಮೆಯಾಗಲಿದೆ. ಕಟ್ಟಿಕೊಳ್ಳುವವನಿಗೆ ಸಿಹಿ ಸುದ್ದಿ. ಪೂರ್ತಿ ಸುಂಕದ ಬೆಲೆಗೆ ಕೊಂಡು ಕೂಡಿಟ್ಟವನಿಗೆ ಅಲ್ಲ, ಯಾಕೆಂದರೆ ಅವನ ಹಳೆಯ ವಾಚು ಪೈಪೋಟಿ ಕೊಡಬೇಕಾದದ್ದು ಕಡಿಮೆ ಸುಂಕದಲ್ಲಿ ಬಂದ ಹೊಸ ವಾಚಿಗೆ.

ಎಫ್‌ಡಿಗೆ ಹೋಲಿಸಿ. ಶೇ 7ರ ಬಡ್ಡಿ ಹಿಡಿಯೋಣ, ನೀವು ಶೇ 30ರ ತೆರಿಗೆ ಸ್ತರದಲ್ಲಿದ್ದೀರಿ ಅಂತಲೂ ಇಟ್ಟುಕೊಳ್ಳೋಣ. ತೆರಿಗೆ ಕಳೆದು ಐದು ವರ್ಷಕ್ಕೆ ಕೈಗೆ ಸುಮಾರು 15.2 ಲಕ್ಷ. ವಾಚಿನಿಂದ ಅಷ್ಟೇ ಬರಬೇಕಾದರೆ, ಡೀಲರ್ ಶೇ 15 ಮುರಿದುಕೊಳ್ಳುತ್ತಾನೆ ಅಂದರೂ ಮಾರುಕಟ್ಟೆಯಲ್ಲಿ ಅದರ ಬೆಲೆ 17.9 ಲಕ್ಷ ಆಗಿರಬೇಕು. ಅಂದರೆ ಶೇ 49ರ ಏರಿಕೆ ಆದರೆ ಎಫ್‌ಡಿಗೆ ಸಮ! ಲಾಕರ್ ಬಾಡಿಗೆ, ವಿಮೆ, ಒಂದು ಸರ್ವಿಸ್, ಇವನ್ನು ನಾನಿನ್ನೂ ಸೇರಿಸಿಲ್ಲ. ಚಿನ್ನವಾದರೆ ಬೆಳಿಗ್ಗೆ ಪೇಪರ್ ತೆಗೆದರೆ ಗ್ರಾಮಿನ ದರ ಗೊತ್ತಾಗುತ್ತದೆ, ಯಾವ ಊರಿನಲ್ಲಾದರೂ ಅದೇ ದಿನ ದುಡ್ಡು. ವಾಚಿಗೆ ಆ ಸೌಕರ್ಯವಿಲ್ಲ, ಅವಸರಕ್ಕೆ ಮಾರಲು ಹೋದವನ ಮುಖ ನೋಡಿಯೇ ಡೀಲರ್ ದರ ಹೇಳುತ್ತಾನೆ.

"ವಾಚು ಮಾರಿದರೆ ಟ್ಯಾಕ್ಸ್ ಇಲ್ಲವಂತೆ" ಅಂತಲೂ ಕೇಳಿದ್ದೀರಿ. ಸ್ವಂತ ಬಳಕೆಯ ಚರವಸ್ತುಗಳನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಎಣಿಸುವುದಿಲ್ಲ, ಆಭರಣವನ್ನು ಎಣಿಸುತ್ತದೆ. ಚಿನ್ನದ ಕೇಸು (ವಾಚಿನ ಹೊರಕವಚ), ವಜ್ರದ ಅಂಚು ಇದ್ದರೆ ಅದು ಆಭರಣವೇ ಅನ್ನುವ ತಕರಾರು ಏಳಬಹುದು. ಸ್ಟೀಲ್ ವಾಚಾದರೂ ಒಂದು ಇಕ್ಕಟ್ಟಿದೆ. ವಿನಾಯಿತಿ ಬೇಕೆಂದರೆ ಅದನ್ನು ನೀವು ಬಳಸಿರಬೇಕು. ಒಳ್ಳೆಯ ಬೆಲೆ ಬೇಕೆಂದರೆ ಸ್ಟಿಕರ್ ಕೂಡ ಕೀಳದೆ ಇಟ್ಟಿರಬೇಕು. ಲಾಕರಿನಿಂದ ಒಮ್ಮೆಯೂ ಹೊರಬರದ ವಾಚನ್ನು ಸ್ವಂತ ಬಳಕೆಯದು ಅಂತ ವಾದಿಸುವುದು ಹೇಗೆ? ದೊಡ್ಡ ಮೊತ್ತವಾದರೆ ನಿಮ್ಮ ಸಿಎ ಹತ್ತಿರ ಕೇಳಿಯೇ ಮುಂದುವರಿಯಿರಿ.

ನಕಲಿಯ ಭಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2021ರಲ್ಲಿ ಜಿನೀವಾದ ಹರಾಜಿನಲ್ಲಿ ಒಂದು ಹಳೆಯ ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಮಾರಾಟವಾಯಿತು. ಕೊಂಡದ್ದು ಒಮೆಗಾ ಕಂಪನಿಯದೇ ಮ್ಯೂಸಿಯಂ. ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಕಟ್ಟಿದ ವಾಚು ಅದು ಅಂತ 2023ರಲ್ಲಿ ಹೊರಬಿತ್ತು, ಕಂಪನಿ ತನ್ನದೇ ಮೂವರು ಮಾಜಿ ನೌಕರರ ಮೇಲೆ ಬೊಟ್ಟು ಮಾಡಿತು. ತಯಾರಿಸಿದವರೇ ಮೋಸಹೋಗುವ ಜಾಗವಿದು. ನಮ್ಮ ಎಚ್‌ಎಂಟಿಯಲ್ಲೂ ಇದೇ ಆಟ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೇಲೆ ಹಳೆಯ ಎಚ್‌ಎಂಟಿಗೆ ಒಲವು ಹೆಚ್ಚಿ, ಹೊಸದಾಗಿ ಬಣ್ಣ ಬಳಿದ ಡಯಲನ್ನು ಹಳೆ ಕೇಸಿಗೆ ಕೂರಿಸಿ "ಅಪರೂಪದ್ದು" ಅಂತ ಆನ್‌ಲೈನಿನಲ್ಲಿ ದಾಟಿಸುವವರು ಬೇಕಾದಷ್ಟಿದ್ದಾರೆ. ಕಾರ್ಖಾನೆಯಿಂದ ಯಾವತ್ತೂ ಹೊರಬರದ ಬಣ್ಣದ ಡಯಲುಗಳನ್ನು ನಾನೇ ಕಂಡಿದ್ದೇನೆ.

ವಾಚಿನ ಮೇಲೆ ನಿಜಕ್ಕೂ ಆಸೆಯಿದ್ದರೆ ಕೊಳ್ಳಿ, ಬೇಡ ಅನ್ನುವವನು ನಾನಲ್ಲ. ಆದರೆ ಆ ದುಡ್ಡನ್ನು ಖರ್ಚಿನ ಕಾಲಮ್ಮಿನಲ್ಲಿ ಬರೆಯಿರಿ. ದುಬೈನಿಂದ ಯಾರೋ ಕಟ್ಟಿಕೊಂಡು ಬಂದದ್ದು ಅಗ್ಗ ಅಂತ ಮರುಳಾಗಬೇಡಿ, ಸುಂಕ ಕಟ್ಟಿದ ದಾಖಲೆ ಇಲ್ಲದ ವಾಚನ್ನು ಮುಂದೆ ಮಾರುವಾಗ ಆ ಅಗ್ಗದ ದುಪ್ಪಟ್ಟು ಕಳೆದುಕೊಳ್ಳುತ್ತೀರಿ. ಬಾಕ್ಸು, ವಾರಂಟಿ ಕಾರ್ಡು, ನಿಮ್ಮ ಹೆಸರಿನ ಬಿಲ್ಲು ಮೂರೂ ಇರಲಿ. ಸರ್ವಿಸಿಗೆ ಕೊಟ್ಟಾಗ ಕೇಸಿಗೆ ಪಾಲಿಶ್ ಬೇಡ ಅಂತ ಬರೆಸಿ ಕೊಡಿ. ಎಲ್ಲಕ್ಕೂ ಮೊದಲು, ಹಳೆ ವಾಚು ಕೊಳ್ಳುವ ಇಬ್ಬರು ಡೀಲರ್‌ಗಳಿಗೆ ಫೋನ್ ಮಾಡಿ, ನೀವು ಆರಿಸಿದ ಮಾಡೆಲಿನ ಹೆಸರು ಹೇಳಿ, "ನನ್ನ ಹತ್ತಿರ ಇದೊಂದಿದೆ, ಬಾಕ್ಸು ಪೇಪರು ಎಲ್ಲ ಇದೆ, ಇವತ್ತೇ ನಗದು ಎಷ್ಟು ಕೊಡ್ತೀರಿ?" ಅಂತ ಕೇಳಿ. ಅವರು ಹೇಳುವ ಅಂಕಿಯನ್ನೂ ಷೋರೂಮಿನ ಪಟ್ಟಿ ಬೆಲೆಯನ್ನೂ ಪಕ್ಕಪಕ್ಕದಲ್ಲಿ ಬರೆದು ಗೆಳೆಯರಿಗೆ ವಾಟ್ಸ್ಆ್ಯಪ್ ಮಾಡಿ.