1970ರ ದಶಕದ ರಾಕ್ ಆಲ್ಬಂಗಳನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

ನನ್ನ ಕೇಳಿದರೆ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ (1973). ಬಿಡಿ ಹಾಡುಗಳಾಗಿ ಬೇಡ, ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆವರೆಗೆ ಒಂದೇ ಸಲ ಕೇಳಿ. ಸುಮಾರು 43 ನಿಮಿಷ, ಅಷ್ಟೇ. ‘ಮನಿ’ ಹಾಡಿನ ಶುರುವಿನಲ್ಲಿ ಚಿಲ್ಲರೆ ಕಾಸು, ಗಲ್ಲಾಪೆಟ್ಟಿಗೆಯ ಸದ್ದು ತಾಳಕ್ಕೆ ಸರಿಯಾಗಿ ಬೀಳುತ್ತದೆ. ಕಂಪ್ಯೂಟರ್ ಇಲ್ಲದ ಕಾಲ ಅದು. ಟೇಪನ್ನು ಅಳೆದು, ಕತ್ತರಿಸಿ, ಅಂಟಿಸಿ ಆ ಲೂಪ್ (ಸುತ್ತಿ ಸುತ್ತಿ ಮತ್ತೆ ನುಡಿಯುವ ಟೇಪ್ ತುಣುಕು) ಮಾಡಿದ್ದರು. ತಾಳ ಏಳು ಎಣಿಕೆಯದು. ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳ ಕೇಳಿ ಬೆಳೆದವರಿಗೆ ಲೆಕ್ಕ ತಪ್ಪುವುದಿಲ್ಲ ಬಿಡಿ. ಗಿಟಾರ್ ಸೋಲೋ ಬಂದಾಗ ಅದು ನಾಲ್ಕಕ್ಕೆ ತಿರುಗುತ್ತದೆ, ಗಮನಿಸಿ.

ಆಮೇಲೆ ಲೆಡ್ ಜೆಪ್ಲಿನ್‌ನ ನಾಲ್ಕನೇ ಆಲ್ಬಂ (1971). ಮುಖಪುಟದಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ! ಅದರಲ್ಲಿ ಯಾವ ಹಾಡು ಅಂದರೆ ಎಲ್ಲರೂ ‘ಸ್ಟೇರ್‌ವೇ ಟು ಹೆವನ್’ ಅಂತಾರೆ. ನಾನು ಕೊನೆಯ ಹಾಡು ‘ವೆನ್ ದ ಲೆವೀ ಬ್ರೇಕ್ಸ್’ ಅಂತೀನಿ. ಹೆಡ್ಲಿ ಗ್ರೇಂಜ್ ಎಂಬ ಹಳೇ ಕಟ್ಟಡದಲ್ಲಿ ಮೆಟ್ಟಿಲ ಬುಡಕ್ಕೆ ಡ್ರಮ್ಸ್ ಇಟ್ಟು, ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟಿದ್ದರು. ಜಾನ್ ಬಾನಮ್ ಹೊಡೆತಕ್ಕೆ ಎದೆ ನಡುಗುವುದು ಅದಕ್ಕೇ.

ಜಾಸ್ತಿ ಗದ್ದಲ ಬೇಕಾದರೆ ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’ (1972). ಅದರಲ್ಲಿನ ‘ಸ್ಮೋಕ್ ಆನ್ ದ ವಾಟರ್’ ಹಾಡಿನಲ್ಲಿ ಬರುವ ಬೆಂಕಿ ಸುಮ್ನೆ ಕಟ್ಟಿದ ಕತೆಯಲ್ಲ. ಅವರು ರೆಕಾರ್ಡ್ ಮಾಡಬೇಕಿದ್ದ ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಕ್ಯಾಸಿನೊ ನಿಜವಾಗಿಯೂ ಸುಟ್ಟುಹೋಗಿತ್ತು. ಗದ್ದಲ ಬೇಡವೇ? ಫ್ಲೀಟ್‌ವುಡ್ ಮ್ಯಾಕ್‌ನ ‘ರೂಮರ್ಸ್’ (1977) ಇದೆ. ತಂಡದೊಳಗಿನ ಜೋಡಿಗಳೇ ಮುರಿದುಬೀಳುತ್ತಿದ್ದಾಗ, ಒಬ್ಬರ ಮೇಲೊಬ್ಬರು ಬರೆದ ಹಾಡುಗಳನ್ನು ಒಟ್ಟಿಗೇ ನಿಂತು ಹಾಡಿದ್ದಾರೆ.