ಜಪಾನಿನ 'ಹಿದಮಾರಿ ಗ ಕಿಕೊಎರು' ಡ್ರಾಮಾ ಇಷ್ಟೊಂದು ನಿಧಾನ ಯಾಕೆ? ಪೂರ್ತಿ ನೋಡಬಹುದಾ?

ನೋಡಬಹುದು. ಆದರೆ ಒಂದೂವರೆ ಪಟ್ಟು ಸ್ಪೀಡಿನಲ್ಲಿ ಓಡಿಸಿಕೊಂಡು ನೋಡುವುದನ್ನು ಇವತ್ತೇ ನಿಲ್ಲಿಸಿ.

ಎರಡು ಎಪಿಸೋಡ್ ನೋಡಿ ನೀವು ಕೇಳಿರುವುದು ಇಷ್ಟು. ಇಬ್ಬರು ಹುಡುಗರು ಕೂತು ಊಟ ಮಾಡುತ್ತಾರೆ, ಒಬ್ಬ ಇನ್ನೊಬ್ಬನಿಗೆ ನೋಟ್ಸ್ ಬರೆದುಕೊಡುತ್ತಾನೆ, ಆಮೇಲೆ ಮತ್ತೆ ಊಟ. ಇದನ್ನು ಗೇ ಲವ್ ಸ್ಟೋರಿ ಅಂತ ಯಾಕೆ ಕರೆಯುತ್ತಾರೆ? ಮುಂದೆ ಏನಾದರೂ ಆಗುತ್ತಾ? ಅಮ್ಮನ ಜೊತೆ ಕೂತು ನೋಡಬಹುದಾ? ಅಮ್ಮನ ವಿಷಯ ಕೊನೆಗೆ ಇಟ್ಟುಕೊಳ್ಳೋಣ.

ಈ ಡ್ರಾಮಾ ನೋಡದವರಿಗೆ ಎರಡು ಮಾತು. ಇದು 2024ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಟಿವಿ ಟೋಕಿಯೊದಲ್ಲಿ ಬಂದ 12 ಕಂತುಗಳ ಡ್ರಾಮಾ. ಫುಮಿನೊ ಯುಕಿ ಅವರ ಮಾಂಗಾದಿಂದ, ಅಂದರೆ ಜಪಾನಿ ಕಾಮಿಕ್ಸ್‌ನಿಂದ ತೆಗೆದದ್ದು. 2017ರಲ್ಲಿ ಇದೇ ಮಾಂಗಾ ಒಂದು ಸಿನಿಮಾನೂ ಆಗಿತ್ತು. ಕೊಹೇ ಕಾಲೇಜು ಹುಡುಗ, ಸ್ಕೂಲಿನಲ್ಲಿದ್ದಾಗ ಇದ್ದಕ್ಕಿದ್ದಂತೆ ಕಿವಿ ಮಂದವಾದವನು. ನೋಡಲು ಚೆಂದ, ಆದರೆ ಯಾರ ಹತ್ತಿರವೂ ಸೇರುವುದಿಲ್ಲ. ತೈಚಿ ಅದೇ ಕಾಲೇಜಿನವನು. ತಾತನ ಜೊತೆ ಬೆಳೆದ ಹುಡುಗ, ಜೇಬು ಯಾವಾಗಲೂ ಖಾಲಿ, ಹೊಟ್ಟೆ ಯಾವಾಗಲೂ ಹಸಿದಿರುತ್ತೆ, ಗಂಟಲು ಮಾತ್ರ ಧ್ವನಿವರ್ಧಕ. ಕೊಹೇ ಒಬ್ಬನೇ ಊಟ ಮಾಡುತ್ತಿದ್ದ ಮೂಲೆಗೆ ಇವನು ಮೇಲಿನಿಂದ ಬಂದು ಬೀಳುತ್ತಾನೆ. ಕೊಹೇ ತನ್ನ ಬೆಂತೊ, ಅಂದರೆ ಊಟದ ಡಬ್ಬಿ ಇವನಿಗೆ ಕೊಡುತ್ತಾನೆ. ಅಲ್ಲಿಂದ ಒಪ್ಪಂದ ಶುರು: ನಾನು ಕ್ಲಾಸಿನಲ್ಲಿ ನಿನಗೆ ನೋಟ್ಸ್ ಬರೆದುಕೊಡುತ್ತೇನೆ, ನೀನು ನನಗೆ ಊಟ ಕೊಡು. ಕೊಹೇ ಪಾತ್ರ ನಕಾಜಾವ ಮೊತೊಕಿ ಮಾಡಿದ್ದಾರೆ, ತೈಚಿ ಪಾತ್ರ ಕೊಬಯಾಶಿ ತೊರಾನೊಸುಕೆ.

ಈಗ ನಿಧಾನದ ವಿಷಯಕ್ಕೆ ಬರೋಣ.

ನಾವು ನೋಡಿ ಬೆಳೆದ ಲವ್ ಸ್ಟೋರಿಗಳು ಯಾವುದರ ಮೇಲೆ ಓಡುತ್ತವೆ ಹೇಳಿ. ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಂಡು ತಪ್ಪು ತಿಳಿಯುವುದು. ರಾತ್ರಿ ಹನ್ನೆರಡಕ್ಕೆ ಫೋನ್. ಕಿವಿಯಲ್ಲಿ ಪಿಸುಮಾತು. ಮಳೆಯಲ್ಲಿ ಹೋಗುತ್ತಿರುವವಳನ್ನು ಹಿಂದಿನಿಂದ ಹೆಸರು ಕೂಗಿ ನಿಲ್ಲಿಸುವುದು. ಹೀರೋಗೆ ಕಿವಿ ಮಂದ ಅಂದ ಕೂಡಲೇ ಇವೆಲ್ಲ ಕೈಬಿಟ್ಟು ಹೋಗುತ್ತವೆ, ಅಲ್ವಾ? ಹಿಂದಿನಿಂದ ಕೂಗಿದರೆ ಕೊಹೇ ತಿರುಗುವುದಿಲ್ಲ. ಗಲಾಟೆ ಇರುವ ಹೋಟೆಲಿನಲ್ಲಿ ಹೇಳಿದ್ದು ತಲುಪುವುದಿಲ್ಲ. ಅವನಿಗೆ ಒಂದು ಮಾತು ಹೇಳಬೇಕು ಅಂದರೆ ಎದುರಿಗೆ ಬಂದು ನಿಲ್ಲಬೇಕು, ತುಟಿ ಕಾಣಬೇಕು, ಅವನು ನೋಡುತ್ತಿರಬೇಕು. ಸುಮ್ನೆ ಬಾಯಿಗೆ ಬಂದದ್ದು ಅಂದುಬಿಟ್ಟು, ಆಮೇಲೆ ಏನೂ ಇಲ್ಲ ಬಿಡು ಅಂತ ಜಾರಿಕೊಳ್ಳುವ ಹಾಗಿಲ್ಲ. ಪ್ರೀತಿ ಹೇಳಿಕೊಳ್ಳುವವನಿಗೆ ಇದಕ್ಕಿಂತ ಕಷ್ಟದ ಜಾಗ ಯಾವುದಿದೆ? ಈ ಡ್ರಾಮಾ ನಿಧಾನ ಆಗಿರುವುದು ಇದಕ್ಕೇ. ಕತೆ ಸಾಲದೆ ಎಳೆದದ್ದಲ್ಲ.

ಸ್ಪೀಡ್ ಹೆಚ್ಚಿಸಬೇಡಿ ಅಂದದ್ದೂ ಇದಕ್ಕೇ. ಯಾರಾದರೂ ಮಾತಾಡಿದ ಮೇಲೆ ಕೊಹೇ ಮುಖದಲ್ಲಿ ಒಂದು ಕ್ಷಣ ಏನೂ ಇರುವುದಿಲ್ಲ, ಆಮೇಲೆ ನಗು ಬರುತ್ತೆ. ಆ ಖಾಲಿ ಕ್ಷಣದಲ್ಲಿ ಅವನು ಲೆಕ್ಕ ಹಾಕುತ್ತಿರುತ್ತಾನೆ. ಕೇಳಿಸಿತಾ, ಮತ್ತೆ ಕೇಳಲಾ, ಬೇಡ, ನಕ್ಕುಬಿಡೋಣ. ವೇಗವಾಗಿ ಓಡಿಸಿದರೆ ನಿಮಗೆ ಕಾಣುವುದು ನಗು ಮಾತ್ರ. ನಮ್ಮ ದೊಡ್ಡಪ್ಪನಿಗೂ ಹೀಗೇ. ಮದುವೆ ಮನೆಯಲ್ಲಿ ಯಾರೋ "ಊಟ ಆಯ್ತಾ" ಅಂದರೆ "ನಾಳೆ ಬೆಳಗ್ಗೆ ಬಸ್ಸು" ಅಂತ ನಗುತ್ತಾ ಹೇಳುತ್ತಾರೆ. ಎಲ್ಲರೂ ನಗುತ್ತೇವೆ, ಅವರೂ ನಗುತ್ತಾರೆ. ಅವರು ಈಚೆಗೆ ಮದುವೆಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದಾರೆ. ಕೊಹೇ ಇಪ್ಪತ್ತರ ಆಸುಪಾಸಿನಲ್ಲೇ ಆ ಜಾಗಕ್ಕೆ ಬಂದು ನಿಂತಿದ್ದಾನೆ.

ಆ ನೋಟ್ಸ್ ಬರೆಯುವ ಕೆಲಸವನ್ನು ಸ್ವಲ್ಪ ಗಮನಿಸಿ. ಅದು ಕತೆಗಾಗಿ ಕಟ್ಟಿದ್ದಲ್ಲ. ಜಪಾನಿನ ಕಾಲೇಜುಗಳಲ್ಲಿ ನಿಜವಾಗಿಯೂ ಇರುವ ವ್ಯವಸ್ಥೆ. ಕಿವಿ ಕೇಳದ ವಿದ್ಯಾರ್ಥಿಯ ಪಕ್ಕದಲ್ಲಿ ಇನ್ನೊಬ್ಬ ವಿದ್ಯಾರ್ಥಿ ಕೂತು ಮೇಷ್ಟ್ರು ಹೇಳಿದ್ದನ್ನು ಆಗಿಂದಾಗಲೇ ಬರೆಯುತ್ತಾ ಹೋಗುತ್ತಾನೆ. ಸಾಮಾನ್ಯವಾಗಿ ಇಬ್ಬರು ಕೂತು ಸರದಿ ಮೇಲೆ ಬರೆಯುತ್ತಾರೆ, ಒಬ್ಬರಿಗೇ ಕೈ ಸೋತುಹೋಗುತ್ತೆ. ಜಪಾನಿ ಭಾಷೆಯಲ್ಲಿ ಮಾತು ನಿಮಿಷಕ್ಕೆ ಸುಮಾರು 300 ಅಕ್ಷರ ಓಡಿದರೆ ಕೈ ಬರೆಯುವುದು 60-70 ಅಷ್ಟೇ. ಅಂದರೆ ಐದರಲ್ಲಿ ಒಂದು ಪಾಲು ಮಾತ್ರ ಕಾಗದಕ್ಕೆ ಇಳಿಯುತ್ತೆ. ಉಳಿದ ನಾಲ್ಕು ಪಾಲಿನಲ್ಲಿ ಯಾವುದನ್ನು ಬಿಡಬೇಕು ಅಂತ ಬರೆಯುವವನೇ ಕ್ಷಣಕ್ಷಣಕ್ಕೂ ತೀರ್ಮಾನ ಮಾಡಬೇಕು. ಪಾಠ ಒಂದೇ ಬರೆದರೆ ಸಾಲದು. ಕ್ಲಾಸೆಲ್ಲ ಯಾಕೆ ನಕ್ಕಿತು, ಮೇಷ್ಟ್ರು ಯಾರನ್ನು ಬೈದರು, ಅದೂ ಬೇಕು. ಇಲ್ಲದಿದ್ದರೆ ಎಲ್ಲರೂ ನಗುವಾಗ ಇವನೊಬ್ಬ ಪಿಳಿಪಿಳಿ ನೋಡುತ್ತಾ ಕೂರಬೇಕು. ಒಬ್ಬನಿಗೆ ಏನು ತಿಳಿಯಬೇಕು, ಏನು ಬಿಟ್ಟರೆ ಅವನಿಗೆ ಬೇಜಾರಾಗುತ್ತೆ ಅಂತ ಗಂಟೆಗಟ್ಟಲೆ ಪಕ್ಕದಲ್ಲಿ ಕೂತು ಯೋಚಿಸುವುದು. ಇದು ಲವ್ ಸ್ಟೋರಿ ಅಲ್ಲ ಅಂತೀರಾ?

ಇದರ ಹಿಂದೆ ಕಾನೂನೂ ಇದೆ. ಅಂಗವೈಕಲ್ಯ ಇರುವವರಿಗೆ ತಾರತಮ್ಯ ಮಾಡಬಾರದು ಅನ್ನುವ ಕಾನೂನನ್ನು ಜಪಾನ್ 2013ರಲ್ಲಿ ಮಾಡಿತು, ಅದು 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆಗ ಇಂಥ ಅನುಕೂಲ ಮಾಡಿಕೊಡುವುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕಡ್ಡಾಯ, ಖಾಸಗಿಯವರು ಪ್ರಯತ್ನ ಮಾಡಿದರೆ ಸಾಕಿತ್ತು. ಖಾಸಗಿಯವರಿಗೂ ಕಡ್ಡಾಯ ಆದದ್ದು 2024ರ ಏಪ್ರಿಲ್‌ನಲ್ಲಿ. ಡ್ರಾಮಾ ಶುರುವಾಗಲು ಆಗ ಮೂರು ತಿಂಗಳು ಬಾಕಿ.

ಗೆಳೆತನ ಯಾಕೆ ಬೇಗ ಪ್ರೀತಿ ಆಗುವುದಿಲ್ಲ ಅನ್ನುವುದು ಇನ್ನೊಂದು ಪ್ರಶ್ನೆ. ಮೊದಲ ಕಂತುಗಳಲ್ಲೇ ತೈಚಿ ರೇಗಿ ಹೇಳುತ್ತಾನೆ ನೋಡಿ, ಕೇಳಿಸದೆ ಇರುವುದು ನಿನ್ನ ತಪ್ಪಲ್ಲ, ಕೇಳಿಸದಿದ್ದರೆ ಮತ್ತೆ ಮತ್ತೆ ಕೇಳು ಅಂತ. ಕೊಹೇಗೆ ಇದನ್ನು ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಅವನ ಮನಸ್ಸು ಅಲ್ಲೇ ಹೋಯಿತು. ಆದರೆ ಹೇಳಿಬಿಟ್ಟು, ಅವನು ದೂರ ಸರಿದರೆ? ನೂರು ಜನ ಗೆಳೆಯರಿರುವವನು ಒಬ್ಬನನ್ನು ಕಳೆದುಕೊಂಡರೆ ತಡೆದುಕೊಳ್ಳಬಹುದು. ಇವನಿಗೆ ಕಿವಿಗೂ ಮನಸ್ಸಿಗೂ ತಲುಪುವ ದನಿ ಇರುವುದು ಒಂದೇ. ತೈಚಿ ಕತೆ ಬೇರೆ. ಅವನ ಕಿವಿ ಚುರುಕು, ತಲೆಗೆ ಹೋಗುವುದು ಮಾತ್ರ ತಡ. ಎದುರಿಗೆ ನಿಂತು ಹೇಳಿದರೂ ಇವನಿಗೆ ಅರ್ಥ ಆಗಬೇಕಾದರೆ ವಾರಗಳೇ ಬೇಕು. ಗಂಡು ಹುಡುಗನೊಬ್ಬ ತನ್ನನ್ನು ಇಷ್ಟಪಡಬಹುದು ಅನ್ನುವುದೇ ಅವನ ಲೆಕ್ಕದಲ್ಲಿ ಇರಲಿಲ್ಲ. ಅವನು ಅಸಹ್ಯ ಪಟ್ಟುಕೊಳ್ಳುವುದಿಲ್ಲ, ಹೆದರುವುದೂ ಇಲ್ಲ, ಗೊಂದಲದಲ್ಲಿ ಬೀಳುತ್ತಾನೆ. ಇದು ನನಗೆ ತುಂಬಾ ಹಿಡಿಸಿತು. ಮುಂದೆ ತೈಚಿ ಓದಿನ ವಿಷಯದಲ್ಲಿ ಒಂದು ದೊಡ್ಡ ನಿರ್ಧಾರ ಮಾಡುತ್ತಾನೆ, ಕೊಹೇಯನ್ನು ಒಂದು ಮಾತೂ ಕೇಳದೆ. ಅಲ್ಲಿಂದ ಕತೆ ನೀವು ಅಂದುಕೊಂಡ ಕಡೆ ಹೋಗುವುದಿಲ್ಲ. ಇಷ್ಟಕ್ಕಿಂತ ಜಾಸ್ತಿ ಹೇಳಿದರೆ ಸ್ಪಾಯ್ಲರ್ ಅಂತ ಬೈತೀರಿ.

ಎಲ್ಲಾ ಚೆನ್ನಾಗಿದೆ ಅಂತಲ್ಲ. ನಡುವೆ ಮಾಯಾ ಅನ್ನುವ ಕಿರಿಯ ವಿದ್ಯಾರ್ಥಿನಿ ಬರುತ್ತಾಳೆ. ಅವಳಿಗೂ ಕಿವಿ ಕೇಳುವುದಿಲ್ಲ, ತೈಚಿಯನ್ನು ಕಂಡರೆ ಆಗುವುದೂ ಇಲ್ಲ. ಅವಳ ಕೋಪಕ್ಕೆ ಕಾರಣ ಇದೆ, ಆ ಕಾರಣವೂ ಸರಿಯಾದದ್ದೇ, ಆದರೂ ಆ ಭಾಗ ನನಗೆ ಜಗ್ಗಿದ ಹಾಗೆ ಅನ್ನಿಸಿತು. ತೈಚಿಯ ಕೂಗಾಟವೂ ಕೆಲವು ಕಡೆ ಅತಿ.

ಇನ್ನು ಸಮಯದ ಲೆಕ್ಕ. ಇಂಥ ಜಪಾನಿ ಡ್ರಾಮಾಗಳು ಮಧ್ಯರಾತ್ರಿ ಹೊತ್ತಿನ ಅರ್ಧ ಗಂಟೆಯ ಸ್ಲಾಟಿನಲ್ಲಿ ಬರುತ್ತವೆ. ಜಾಹೀರಾತು ಕಳೆದರೆ ಒಂದು ಕಂತಿಗೆ 24 ನಿಮಿಷದ ಆಸುಪಾಸು. 12 ಕಂತು ಸೇರಿದರೂ ಐದು ಗಂಟೆ ದಾಟುವುದಿಲ್ಲ. ಥಾಯ್ ಡ್ರಾಮಾ ಒಂದೊಂದು ಕಂತೇ ಮುಕ್ಕಾಲು ಗಂಟೆ, ಒಂದು ಗಂಟೆ ಇರುತ್ತೆ. ಅದನ್ನು ಯಾರೂ ನಿಧಾನ ಅನ್ನುವುದಿಲ್ಲ, ಯಾಕೆಂದರೆ ಅಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಏನಾದರೊಂದು ನಡೆಯುತ್ತಿರುತ್ತೆ.

ಇಷ್ಟೆಲ್ಲ ಹೇಳಿದ ಮೇಲೂ ನಾಲ್ಕನೇ ಕಂತಿನ ಹೊತ್ತಿಗೆ ಮನಸ್ಸು ಹಿಡಿಯದಿದ್ದರೆ ಬಿಟ್ಟುಬಿಡಿ, ಪಾಪ ಏನೂ ಬರುವುದಿಲ್ಲ. 2021ರ 'ಕಿಯೆತ ಹತ್ಸುಕೊಯಿ' ನೋಡಿ. ಹೈಸ್ಕೂಲ್ ಹುಡುಗರ ಕತೆ, ಒಂದು ರಬ್ಬರಿನಿಂದ ಶುರುವಾಗುವ ಗೊಂದಲ, ನಗು ಜಾಸ್ತಿ. ಪ್ರೀತಿ ಆದ ಮೇಲಿನ ಸಂಸಾರ ನೋಡಬೇಕು ಅಂದರೆ 2019ರ 'ಕಿನೊ ನಾನಿ ತಬೆತ'. ನಲವತ್ತು ದಾಟಿದ ಒಬ್ಬ ವಕೀಲ, ಒಬ್ಬ ಹೇರ್ ಡ್ರೆಸ್ಸರ್, ರಾತ್ರಿ ಅಡುಗೆ, ತರಕಾರಿ ರೇಟು. ಇದಕ್ಕಿಂತ ನಿಧಾನ, ಹೇಳಿಬಿಟ್ಟಿದ್ದೇನೆ.

ಅಮ್ಮನ ಜೊತೆ ಧಾರಾಳವಾಗಿ ನೋಡಿ. ಮುಜುಗರ ಆಗಿ ರಿಮೋಟ್ ಹುಡುಕುವಂಥದ್ದು ಇದರಲ್ಲಿಲ್ಲ. ಮುತ್ತಿದೆ, ಅಷ್ಟೇ. ಇವರು ಇಬ್ಬರು ಹುಡುಗರು, ಮುಂದೆ ಒಬ್ಬರನ್ನೊಬ್ಬರು ಇಷ್ಟಪಡುತ್ತಾರೆ ಅಂತ ಮಾತ್ರ ಮೊದಲೇ ಹೇಳಿಬಿಡಿ, ಏಳನೇ ಕಂತಿನಲ್ಲಿ ತಿಳಿದು ನಿಮ್ಮ ಮುಖ ನೋಡುವುದು ಬೇಡ. ಮೊದಲ ಕಂತಿನಿಂದಲೇ ಕೂರಿಸಿ. ಇಂಗ್ಲಿಷ್ ಸಬ್‌ಟೈಟಲ್ ಓದುವ ಅಭ್ಯಾಸ ಅವರಿಗೆ ಇಲ್ಲದಿದ್ದರೆ ನೀವೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಿ, ತೈಚಿ ತಾತನ ಬೈಗುಳ ಸೇರಿಸಿ. ಎರಡು ಕಂತು ಮುಗಿಯುವಷ್ಟರಲ್ಲಿ ಅವರು "ಆ ಹುಡುಗನಿಗೆ ಇನ್ನಷ್ಟು ಊಟ ಹಾಕಬಾರದಾ" ಅಂತ ಕೇಳದಿದ್ದರೆ ಇಲ್ಲೇ ಬಂದು ನನಗೆ ಬೈಯಿರಿ.